ಮೊದಲ ಕತ್ತರಿ ಒಡತಿಯ ತಲೆಗೆ

ನನ್ನ ಬಾಯಿ ಸುಮ್ಮನಿರುವುದಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ ಎಂದರೆ ಬೇರೆಯವರು ಇನ್ನೇನೇನು ಹೇಳುತ್ತಿರಬಹುದು, ನೀವೇ ಲೆಕ್ಕ ಹಾಕಿಕೊಳ್ಳಿ. ಕೂದಲು ಕತ್ತರಿಸುವ ಅಂಗಡಿ ನಡೆಸುವವಳಿಗೆ ಬಾಯಿ ಇರಲೇಬೇಕು ಎನ್ನುವುದು ನನ್ನ ವಾದ. ಕುರ್ಚಿಯಲ್ಲಿ ಬಂದು ಕೂತವರಿಗೆ ಚೆನ್ನಾದ ಕಟಿಂಗ್ ಎಷ್ಟು ಬೇಕೋ ನಾಲ್ಕು ಮಾತೂ ಅಷ್ಟೇ ಬೇಕು. ಎರಡನ್ನೂ ನಾನು ಧಾರಾಳವಾಗಿ ಕೊಡುತ್ತೇನೆ. ಮಾತು ಸ್ವಲ್ಪ ಹೆಚ್ಚೇ ಎಂದು ನನ್ನ ನಾದಿನಿ ಗೊಣಗುತ್ತಾಳೆ. ಎರಡನೆಯ ಕುರ್ಚಿ ಅವಳದು, ನನ್ನ ಮಾತೆಲ್ಲ ಮೊದಲು ಬೀಳುವುದು ಅವಳ ಕಿವಿಗೇ ಅಲ್ಲವೇ, ಪಾಪ.

ಆದರೆ ನಾನು ತುಟಿ ಪಿಟಕ್ಕೆನ್ನದೆ ಕೂರಲೇಬೇಕಾದ ದಿನವೂ ಒಂದಿದೆ. ನಮ್ಮಲ್ಲಿ ಕೆಲಸ ಕಲಿಯಲು ಬಂದವರ ಮೊದಲ ಕಟಿಂಗ್ ಅಂಗಡಿಯ ಒಡತಿಯ ತಲೆಗೇ ಆಗಬೇಕು. ಕನ್ನಡಿಗೆ ಟವೆಲ್ ಮುಚ್ಚಬೇಕು. ಕತ್ತರಿ ಕೆಳಗಿಡುವ ತನಕ ಒಡತಿ ಬಾಯಿ ಬಿಡಕೂಡದು. ತಲೆ ಹೇಗೇ ಬಂದಿರಲಿ, ಮಾರನೆಯ ದಿನ ಅದೇ ತಲೆಯಲ್ಲಿ ಅವಳು ನಾಲ್ಕು ಜನರ ಮುಂದೆ ನಿಲ್ಲಬೇಕು. ಇಷ್ಟಾದ ಮೇಲೆಯೇ ಕಲಿತವರಿಗೆ ಸ್ವಂತ ಕುರ್ಚಿ.

ಇದು ನಮ್ಮ ಅತ್ತೆ ಮಾಡಿಟ್ಟುಹೋದ ಕಟ್ಟಳೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವರು ನನ್ನ ಕೈಗೆ ಕತ್ತರಿ ಕೊಟ್ಟು ತಾವೇ ಕುರ್ಚಿಯಲ್ಲಿ ಕೂತರು. ಮೊದಲು ಬೊಂಬೆ ತಲೆಯ ಮೇಲೆ ಕಲಿಯುತ್ತೇನೆ ಎಂದು ನಾನು ಅಂಗಲಾಚಿದೆ.

"ಬೊಂಬೆ ಕಿವಿ ಕೊಯ್ದ್ರೆ ಅದು ಅಮ್ಮಾ ಅನ್ನಲ್ಲ. ನಾಳೆ ಬೆಳಗ್ಗೆ ಎದ್ದು ಬೀದಿಗೂ ಹೋಗಲ್ಲ. ಬೀದಿಗೆ ಹೋಗೋ ತಲೆ ಮೇಲೆ ಕಲಿ," ಎಂದರು.

ಕಲಿತೆ. ಎಡಗಡೆ ಮೇಕೆ ಮೇದ ಹಾಗಾಯಿತು. ಮಾರನೆಯ ದಿನವೇ ಹತ್ತಿರದ ನೆಂಟರ ಮದುವೆ. ಅತ್ತೆ ತಲೆಗೆ ಬಟ್ಟೆ ಸುತ್ತಲಿಲ್ಲ, ಏನಿಲ್ಲ, ಹಾಗೇ ಹೊರಟರು. ಕೇಳಿದವರಿಗೂ ಕೇಳದವರಿಗೂ "ನಮ್ಮ ಸೊಸೆ ಕೈಕೆಲಸ" ಎಂದು ತಿರುಗಿ ತಿರುಗಿ ತೋರಿಸಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ನನ್ನ ಕೈ ಹಿಡಿದುಕೊಂಡು, "ಇವತ್ತು ನಿನಗೆ ಎಷ್ಟು ಉರೀತೋ, ನಾಳೆಯಿಂದ ಅಷ್ಟು ಜೋಪಾನವಾಗಿ ಕತ್ತರಿ ಹಿಡೀತೀಯ. ನನ್ನ ಕೂದಲು ಬೆಳ್ಕೊಳ್ಳತ್ತೆ ಬಿಡು," ಎಂದರು. ಅವರು ತೀರಿಹೋದ ಮೇಲೆ ಕಿಟಕಿ ಪಕ್ಕದ ಅವರ ಕುರ್ಚಿ ಖಾಲಿಯಾಗಿಯೇ ಇತ್ತು. ಕಲಿಯಲು ಬಂದ ಕೆಲವರು ಬೇರೆ ಊರಿಗೆ ಹೋದರು, ಕೆಲವರು ತಮ್ಮದೇ ಅಂಗಡಿ ಇಟ್ಟರು. ಆ ಕುರ್ಚಿಯ ಹಿಂದೆ ನಿಲ್ಲುವವರು ಸಿಕ್ಕಿರಲಿಲ್ಲ.

ಹೋದ ವರ್ಷ ಏಣಿ ಬಂದಳು. ಹೆಸರು ಬೇರೆ ಇದೆ, ಏಣಿ ಅಂತ ಕರೆದವಳು ನಾನು. ಬಾಗಿಲಿನ ಮೇಲ್ಪಟ್ಟಿಗೆ ತಲೆ ತಾಗಿಸಿಕೊಳ್ಳದೆ ಅವಳು ಒಂದು ದಿನವೂ ಒಳಗೆ ಬಂದದ್ದಿಲ್ಲ. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಚಿಕ್ಕಪ್ಪ ಸಾಕಿದ್ದರು. ಅವರದು ಬಸ್ ನಿಲ್ದಾಣದ ಹತ್ತಿರ ನಲ್ಲಿ, ಪೈಪು ಮಾರುವ ಅಂಗಡಿ. ಅವರೇ ಕರೆದುಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು.

"ಅಮ್ಮಾವ್ರೇ, ಇವಳು ದಡ್ಡಿ ಅಲ್ಲ. ಆದ್ರೆ ಪರೀಕ್ಷೆ ಪೇಪರ್ ಮುಂದಿಟ್ರೆ ಓದಿದ್ದೆಲ್ಲ ಆವಿ ಆಗ್ಬಿಡತ್ತೆ. ಎರಡು ಸಲ ಕೂತ್ಳು, ಎರಡು ಸಲಾನೂ ಹೋಯ್ತು. ನಿಮ್ಮ ಹತ್ರ ಕಲೀಬೇಕು ಅಂತ ಹಟ ಹಿಡಿದಿದ್ದಾಳೆ. ಒಂದು ವರ್ಷ ಬಿಡ್ತೀನಿ. ಅಷ್ಟರಲ್ಲಿ ಒಂದು ಕುರ್ಚಿ ಇವಳದು ಅಂತ ಆದ್ರೆ ಸರಿ. ಇಲ್ದಿದ್ರೆ ನಮ್ಮ ಅಂಗಡಿ ಗಲ್ಲಾ ಹತ್ರ ಕೂರ್ತಾಳೆ."

"ಗಲ್ಲಾದಲ್ಲಿ ಕೂರಕ್ಕೆ ಇಷ್ಟು ಎತ್ತರ ಬೇಕಾ?" ಎಂದೆ ನಾನು. ಅವರು ನಗಲಿಲ್ಲ. ಏಣಿ ಮಾತ್ರ ನೆಲ ನೋಡಿಕೊಂಡು ತುಟಿ ಕಚ್ಚಿ ನಗು ತಡೆದಳು. ಆಗಲೇ ನನಗೆ ಅವಳು ಹಿಡಿಸಿಬಿಟ್ಟಳು.

ಹುಡುಗಿಗೆ ಹೇಳಿಕೊಟ್ಟರೆ ತಲೆಗೆ ಹತ್ತುತ್ತಿರಲಿಲ್ಲ, ಕೈಗೆ ಕೊಟ್ಟರೆ ಹತ್ತುತ್ತಿತ್ತು. ಬಾಚಣಿಗೆಯನ್ನು ಯಾವ ಕೋನದಲ್ಲಿ ಹಿಡಿಯಬೇಕೆಂದು ನಾನು ಗಿಣಿಗೆ ಹೇಳಿದ ಹಾಗೆ ಹೇಳಿದರೂ ಕಣ್ಣು ಕಣ್ಣು ಬಿಡುತ್ತಿದ್ದಳು. ಅವಳ ಕೈಯ ಮೇಲೆ ನನ್ನ ಕೈ ಇಟ್ಟು ಒಂದು ಸಲ ಎಳೆದರೆ ಮುಗಿಯಿತು, ಮತ್ತೆ ಮರೆಯುತ್ತಿರಲಿಲ್ಲ. ಅವಳು ತಲೆ ತೊಳೆಯಲು ನಿಂತರೆ ಗಿರಾಕಿಗಳು ಅಲ್ಲೇ ನಿದ್ದೆ ಹೋಗುತ್ತಿದ್ದರು. ಒಬ್ಬ ಮೇಷ್ಟರಂತೂ ಗೊರಕೆ ಹೊಡೆದು, ಎಬ್ಬಿಸಿದ್ದಕ್ಕೆ ನಮ್ಮ ಮೇಲೇ ಸಿಟ್ಟಾದರು.

ಇನ್ನೇನು ಅವಳ ಕೈಗೆ ಕತ್ತರಿ ಕೊಡಬೇಕು, ಅಷ್ಟರಲ್ಲಿ ನನ್ನ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್ ಆಯಿತು, ಆಮೇಲೆ ಕೀಮೋ. ಆ ಕತೆಯನ್ನು ಉದ್ದ ಮಾಡುವುದಿಲ್ಲ, ಆಸ್ಪತ್ರೆಯ ಕತೆ ಎಲ್ಲರ ಮನೆಯಲ್ಲೂ ಒಂದೊಂದು ಇದ್ದೇ ಇದೆ. ನನ್ನ ಕೂದಲಿನ ವಿಷಯವಷ್ಟೇ ಹೇಳುತ್ತೇನೆ. ಸೊಂಟದವರೆಗೆ ಇತ್ತು, ನೇರ, ಕಪ್ಪು, ನೀರು ಹರಿದ ಹಾಗೆ. ನಮ್ಮ ಅಂಗಡಿಗೆ ಬೇರೆ ಬೋರ್ಡೇ ಬೇಕಿರಲಿಲ್ಲ. ಅದು ದಿಂಬಿನ ಮೇಲೆ, ತಟ್ಟೆಯ ಅಂಚಿನಲ್ಲಿ, ಸೋಪಿನ ಮೇಲೆ ಹಿಡಿ ಹಿಡಿಯಾಗಿ ಬೀಳತೊಡಗಿತು. ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಬಾಚಣಿಗೆಯಲ್ಲಿ ಬಂದ ಗೊಂಚಲನ್ನು ಕೈಯಲ್ಲಿ ಹಿಡಿದುಕೊಂಡು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಹೊರಗೆ ನಾದಿನಿ ಗಿರಾಕಿಗಳ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದಳು, ನನ್ನ ಅಳು ಕೇಳಿಸದಿರಲಿ ಅಂತ.

ಏಣಿ ಒಳಗೆ ಬಂದಳು. ಮೊಳೆಗೆ ನೇತುಹಾಕಿದ್ದ ಕನ್ನಡಿಯ ಮೇಲೆ ಒಂದು ಟವೆಲ್ ಹಾಕಿದಳು. ನನ್ನ ಕುತ್ತಿಗೆಗೆ ಬಟ್ಟೆ ಕಟ್ಟಿದಳು. ಕತ್ತರಿಯಲ್ಲಿ ಉದ್ದದ್ದನ್ನೆಲ್ಲ ತೆಗೆದು, ಆಮೇಲೆ ಮಷಿನ್ ಹಿಡಿದಳು. ನಾನು, ಈ ನಾನು, ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕೈ ಒಂದಿಷ್ಟೂ ನಡುಗಲಿಲ್ಲ ಅವಳಿಗೆ. ಹಣೆಯಿಂದ ಹಿಂದಕ್ಕೆ, ಕಿವಿ ಬಾಗಿಸಿ ಕಿವಿಯ ಹಿಂದೆ, ಕತ್ತಿನ ಕೆಳಗೆ. ಮುಗಿದ ಮೇಲೆ ಬೆಚ್ಚಗಿನ ಬಟ್ಟೆಯಿಂದ ಬೋಳು ತಲೆ ಒರೆಸಿ, ಅಂಗೈ ಇಟ್ಟು ಒಂದು ಕ್ಷಣ ಹಾಗೇ ನಿಂತಳು. ಕೂದಲು ಗುಡಿಸಿ ಹಾಕಿ, ಚಹಾಕ್ಕೆ ನೀರಿಟ್ಟಳು. ಆ ಅಂಗೈಯ ಬಿಸಿ ನನಗೆ ಇವತ್ತಿಗೂ ನೆತ್ತಿಯ ಮೇಲಿದೆ.

ಆಮೇಲೆ ತಿಂಗಳುಗಟ್ಟಲೆ ಆಸ್ಪತ್ರೆ, ಮನೆ, ಹಾಸಿಗೆ. ನಾದಿನಿ ಅಂಗಡಿ ನಡೆಸಿದಳು. ಏಣಿ ತಲೆ ತೊಳೆದಳು, ಬಣ್ಣ ಕಲಸಿದಳು, ನೆಲ ಒರೆಸಿದಳು. ಕತ್ತರಿಸುವಂತಿಲ್ಲ, ಒಡತಿಗೆ ತಲೆಯೇ ಇಲ್ಲವಲ್ಲ! ಕಟ್ಟಳೆ ಹೋಗಲಿ ಬಿಡಿ, ನನ್ನ ತಲೆ ಕೊಡುತ್ತೇನೆ ಎಂದು ನಾದಿನಿ ಎಷ್ಟೋ ಸಲ ಹೇಳಿದಳು. ನಾನು ಒಪ್ಪಲಿಲ್ಲ. ಅತ್ತೆ ಹಾಕಿದ ಗೆರೆಯನ್ನು ದಾಟಲು ನನಗೆ ಮನಸ್ಸು ಬರಲಿಲ್ಲ.

ಕೂದಲು ವಾಪಸು ಬಂತು. ಬಂದದ್ದು ಗುಂಗುರಾಗಿ! ನಮ್ಮ ವಂಶದಲ್ಲೇ ಯಾರಿಗೂ ಇರಲಿಲ್ಲ. ಹಾಗೂ ಆಗುವುದುಂಟು ಎಂದರು ಡಾಕ್ಟರು. ಮೊದಮೊದಲು ಬೇರೆ ಯಾರದೋ ತಲೆ ಕಟ್ಟಿಕೊಂಡ ಹಾಗಿತ್ತು. ಆಮೇಲೆ ಅದರ ಮೇಲೆ ನನಗೆ ಎಂಥ ಮೋಹ ಹುಟ್ಟಿತೆಂದರೆ, ಕನ್ನಡಿ ಕಂಡಲ್ಲೆಲ್ಲ ನಿಂತು ಒಂದು ಸುರುಳಿ ಎಳೆದು ಬಿಡುತ್ತಿದ್ದೆ, ಅದು ಪುಟಿದು ಒಳಗೆ ಹೋಗುವುದನ್ನು ನೋಡುತ್ತಿದ್ದೆ. ನಾಲ್ಕು ಬೆರಳಷ್ಟು ಬೆಳೆದಿತ್ತು. ಒಂದು ಎಳೆ ಬಾಚಣಿಗೆಗೆ ಬಂದರೆ ಎದೆ ಧಸಕ್ಕೆನ್ನುತ್ತಿತ್ತು.

ಅಂಥ ಹೊತ್ತಿನಲ್ಲಿ, ಒಂದು ಶನಿವಾರ, ಏಣಿಯ ಚಿಕ್ಕಪ್ಪ ಬಂದು ಬಾಗಿಲಲ್ಲಿ ನಿಂತರು.

"ಅಮ್ಮಾವ್ರೇ, ನೀವು ಹುಷಾರಾಗಿದ್ದೀರಲ್ಲ, ಅಷ್ಟು ಸಾಕು. ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ, ಕಾಲ ಹಾಗಿತ್ತು. ಆದ್ರೆ ಮಾತು ಅಂದ್ರೆ ಮಾತು. ವರ್ಷ ಆಯ್ತು. ಸೋಮವಾರ ಬಂದು ಕರ್ಕೊಂಡು ಹೋಗ್ತೀನಿ."

"ರೀ ನಲ್ಲಿ ಯಜಮಾನ್ರೇ, ಸೋಮವಾರ ಅಂದ್ರೆ ನಾಳಿದ್ದು!"

"ಹೌದು, ನಾಳಿದ್ದು," ಎಂದರು ಅವರು, ಮೆತ್ತಗೆ. ಕೆಟ್ಟ ಮನುಷ್ಯನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ.

ಅವರು ಹೋದ ಮೇಲೆ ಏಣಿ ಟವೆಲುಗಳನ್ನು ಮಡಚುತ್ತಾ ನಿಂತಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ನಾದಿನಿ ನನ್ನ ಮುಖ ನೋಡಿದಳು. ನಾನು ಕನ್ನಡಿ ನೋಡಿಕೊಂಡೆ. ಮೈಯೆಲ್ಲ ಉರಿದುಹೋಯಿತು, ಯಾರ ಮೇಲೆ ಎಂದು ಕೇಳಬೇಡಿ.

"ಏನೇ ಏಣಿ, ನಾಳೆ ಬೆಳಗ್ಗೆ ಬಾ. ರಜಾ ಅಂತ ಮಲ್ಕೊಂಡ್ಬಿಡ್ಬೇಡ."

ಅವಳ ಕೈ ನಿಂತಿತು. "ಬೇಡ ಅಕ್ಕ. ಈಗಷ್ಟೇ ಬಂದಿರೋ ಕೂದಲು. ನಾನು ಗಲ್ಲಾದಲ್ಲೇ ಕೂರ್ತೀನಿ."

"ಗಲ್ಲಾದಲ್ಲಿ ಕೂತು ನಲ್ಲಿಗಳಿಗೆ ತಲೆ ತೊಳೀತೀಯಾ? ಬಾ ಅಂದ್ರೆ ಬಾ, ಅಷ್ಟೇ."

ಭಾನುವಾರ ಅಂಗಡಿಯ ಶಟರನ್ನು ಅರ್ಧ ಎತ್ತಿ ಒಳಗೆ ಹೋದೆವು. ನಾದಿನಿಯೂ ಬಂದಳು. ನನಗೆ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ, ಕಾವಲಿಗೆ ಒಬ್ಬರು ಬೇಕು ಎನ್ನುವುದು ಅವಳು ಕೊಟ್ಟ ಕಾರಣ. ಕಿಟಕಿ ಪಕ್ಕದ ಅತ್ತೆಯ ಕುರ್ಚಿಯಲ್ಲಿ ಕೂತೆ. ಏಣಿ ಕನ್ನಡಿಗೆ ಟವೆಲ್ ಹಾಕಿದಳು. ಸ್ಪ್ರೇ ಬಾಟಲಿ ತೆಗೆದು ತಲೆ ಪೂರ್ತಿ ಒದ್ದೆ ಮಾಡಿದಳು. ಬಾಚಣಿಗೆಯಲ್ಲಿ ಒಂದಿಷ್ಟು ಕೂದಲು ಎತ್ತಿ, ಎರಡು ಬೆರಳ ನಡುವೆ ಹಿಡಿದು, ಬಿಗಿಯಾಗಿ ಎಳೆದಳು.

ಅಯ್ಯೋ! ಎಂದಿತು ನನ್ನ ಜೀವ.

ಗುಂಗುರು ಕೂದಲು ಒದ್ದೆಯಾದರೆ ಉದ್ದವಾಗುತ್ತದೆ. ಎಳೆದರೆ ಇನ್ನೂ ಉದ್ದವಾಗುತ್ತದೆ. ಒಣಗಿದ ಕೂಡಲೇ ಮೇಲೆ ಹಾರಿ ಕೂರುತ್ತದೆ. ಎಲ್ಲೋ ಒಂದು ಬೆರಳಷ್ಟು ಕತ್ತರಿಸಿದೆ ಎಂದುಕೊಂಡರೆ ಎರಡು ಬೆರಳಷ್ಟು ಹೋಗಿರುತ್ತದೆ. ನಮ್ಮ ಬೀದಿಯ ಗಿರಾಕಿಗಳೆಲ್ಲ ನೇರ ಕೂದಲಿನವರು. ಅಪರೂಪಕ್ಕೆ ಬರುವ ಗುಂಗುರು ಕೂದಲಿನವರನ್ನು ನಾದಿನಿ ನೋಡಿಕೊಳ್ಳುತ್ತಾಳೆ, ಆಗ ಏಣಿ ಹಿಂದೆ ಬಣ್ಣ ಕಲಸುತ್ತಿರುತ್ತಾಳೆ. ಒದ್ದೆ ಮಾಡು, ಬಿಗಿಯಾಗಿ ಹಿಡಿ, ನೇರ ಕತ್ತರಿಸು, ಇದನ್ನು ಅವಳ ಕೈಗೆ ಹತ್ತಿಸಿದವಳು ನಾನೇ. ಹುಡುಗಿ ನಾನು ಕಲಿಸಿದ್ದನ್ನು ಒಂದಕ್ಷರ ತಪ್ಪದೆ ಮಾಡುತ್ತಿದ್ದಳು.

ಕತ್ತರಿ ಕಚಕ್ ಎಂದಿತು. ಕಾಲಿನ ಮೇಲೆ ಒಂದು ಸುರುಳಿ ಬಿತ್ತು. ನನ್ನ ಗಂಟಲಿನವರೆಗೆ ಮಾತು ಬಂದು ನಿಂತಿತು. ನಾದಿನಿಗೂ ಗೊತ್ತಾಗಿತ್ತು, ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ಬೀದಿಯ ಕಡೆ ತಿರುಗಿದ್ದಳು. ಮತ್ತೆ ಕಚಕ್. ನಾನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅತ್ತೇ, ಅವತ್ತು ನಿಮಗೂ ಹೀಗೇ ಆಗಿತ್ತಾ, ನಾನು ಎಡಗಡೆ ಕತ್ತರಿಸುತ್ತಿದ್ದಾಗ ನಿಮಗೆ ಎಲ್ಲ ಗೊತ್ತಿತ್ತಾ, ಗೊತ್ತಿದ್ದೂ ಕೂತಿದ್ದಿರಾ ಎಂದು ಮನಸ್ಸಿನಲ್ಲೇ ಕೇಳಿದೆ. ಕಣ್ಣಲ್ಲಿ ನೀರು ಬಂತು. ಕೂದಲಿಗಾಗಿ ಅಲ್ಲ, ಅವರಿಗಾಗಿ.

ಏಣಿ ಕತ್ತರಿ ಕೆಳಗಿಟ್ಟು ಡ್ರೈಯರ್ ಹಾಕಿದಳು. ಬಿಸಿಗಾಳಿ ತಾಗಿದ ಹಾಗೆಲ್ಲ ಸುರುಳಿಗಳು ಒಂದೊಂದಾಗಿ ಮೇಲೇರುವುದು ನನಗೆ ನೆತ್ತಿಯಲ್ಲೇ ಗೊತ್ತಾಗುತ್ತಿತ್ತು. ಡ್ರೈಯರ್ ನಿಂತಿತು. ಹಿಂದೆ ತಿರುಗಿ ನೋಡಿದರೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಟವೆಲನ್ನು ನಾನೇ ಎಳೆದೆ. ಎಡಗಡೆ ಕಿವಿ ಪೂರ್ತಿ ಹೊರಗೆ. ಬಲಗಡೆ ಪರವಾಗಿಲ್ಲ. ನೆತ್ತಿಯ ಮೇಲೆ ಒಂದು ಗೊಂಚಲು ಕೋಳಿಯ ಜುಟ್ಟಿನ ಹಾಗೆ ನಿಂತಿತ್ತು.

ನನಗೆ ನಗು ಬಂತೋ ಸಿಟ್ಟು ಬಂತೋ ಹೇಳಲಾರೆ. ಎರಡೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಅಷ್ಟರಲ್ಲಿ ಏಣಿ ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ನಾಲ್ಕು ಮಡಿಕೆ ಮಾಡಿ ನಾದಿನಿಯ ಕುರ್ಚಿಯ ಮೇಲಿಟ್ಟಳು.

"ಕ್ಷಮಿಸಿ ಅಕ್ಕ. ಬರೆಯೋ ಪರೀಕ್ಷೇಲೂ ಹೋಯ್ತು, ಮಾಡೋ ಪರೀಕ್ಷೇಲೂ ಹೋಯ್ತು. ಮೊದಲ್ನೇ ಕಟಿಂಗೇ ನಿಮ್ಮ ತಲೆ ಹಾಳ್ಮಾಡ್ದೆ."

ಬಾಗಿಲ ಕಡೆ ಹೊರಟಳು. ನನ್ನ ಕೈಯಲ್ಲಿ ಟವೆಲ್ ಇನ್ನೂ ಹಾಗೇ ಇತ್ತು. ಅದನ್ನು ನೋಡುತ್ತಾ ನೋಡುತ್ತಾ ಹೋದ ವರ್ಷದ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಹಿಂದಿನ ಕೋಣೆ, ಮೊಳೆಯ ಮೇಲಿನ ಕನ್ನಡಿ, ಅದರ ಮೇಲೆ ಟವೆಲ್. ಬಾಯಿ ಮುಚ್ಚಿ ಕೂತ ಒಡತಿ. ಅಯ್ಯೋ ನನ್ನ ಬುದ್ಧಿಯೇ!

"ನಿಲ್ಲೇ!" ಎಂದು ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೂ ಬ್ರೇಕ್ ಹಾಕಿದ. "ಏಪ್ರನ್ ಬಿಚ್ಚು ಅಂತ ಯಾರು ಹೇಳಿದ್ರು ನಿನಗೆ? ಇದು ಮೊದಲ್ನೇದು ಅಂತ ಯಾರು ಹೇಳಿದ್ರು?"

ಅವಳು ಮಿಕಿಮಿಕಿ ನೋಡಿದಳು.

"ಮೊದಲ್ನೇದು ಹೋದ ವರ್ಷಾನೇ ಆಯ್ತಲ್ಲೇ. ಹಿಂದಿನ ಕೋಣೇಲಿ. ಕನ್ನಡಿಗೆ ಟವೆಲ್ ಹಾಕಿದ್ದು ನೀನು. ಮಾತಾಡ್ದೆ ಕೂತಿದ್ದು ನಾನು. ಆ ತಲೇಲೇ ಅಲ್ವಾ ನಾನು ಮಾರನೇ ದಿನ ಆಸ್ಪತ್ರೆಗೆ ಹೋಗಿದ್ದು, ನಾಲ್ಕು ಜನರ ಮಧ್ಯೆ ಕೂತಿದ್ದು? ಎಲ್ಲ ಸರಿಯಾಗೇ ಆಗಿದೆ. ಅವತ್ತು ನನಗೆ ಪ್ರಪಂಚಾನೇ ನಡುಗ್ತಿತ್ತು, ನಿನ್ನ ಕೈ ನಡುಗ್ಲಿಲ್ಲ. ಅವತ್ತೇ ನೀನು ಪಾಸ್ ಕಣೇ. ನನಗೇ ಹೊಳೀಲಿಲ್ಲ."

ಏಣಿ ಬಾಗಿಲ ಚೌಕಟ್ಟಿಗೆ ಒರಗಿ ಅಳತೊಡಗಿದಳು. ಅಷ್ಟೆತ್ತರದ ಹುಡುಗಿ ಅತ್ತರೆ ಕಣ್ಣೀರು ಕೆಳಗೆ ಬರಲು ಹೊತ್ತು ಹಿಡಿಯುತ್ತದೆ ಎಂದು ತಮಾಷೆ ಮಾಡೋಣವೆಂದುಕೊಂಡೆ, ಕೊನೆಗೆ ಕೈಯಲ್ಲಿದ್ದ ಟವೆಲನ್ನು ಅವಳತ್ತ ಎಸೆದೆ. ನಾದಿನಿ ಮೂಗು ಒರೆಸಿಕೊಳ್ಳುತ್ತಾ, "ಹಾಗಾದ್ರೆ ಇದು ಎರಡನೇದು. ಎರಡನೇದಕ್ಕೆ ಅತ್ತಿಗೆ ಬಾಯಿ ಬಿಡಬಹುದು. ದೇವರೇ ಕಾಪಾಡ್ಬೇಕು," ಎಂದಳು.

"ಬಿಟ್ಟೇ ಬಿಡ್ತೀನಿ. ಏಪ್ರನ್ ಕಟ್ಕೊಳ್ಳೇ. ನೀರಿನ ಬಾಟಲಿ ದೂರ ಇಡು. ಕನ್ನಡಿ ಹೀಗೇ ಇರ್ಲಿ, ನಾನೂ ನೋಡ್ಬೇಕು. ನಾದಿನೀ, ನೀನೂ ಹತ್ರ ಬಾ, ನಿನಗೆ ಈ ಕೂದಲು ಗೊತ್ತು. ನನ್ನ ತಲೇಲಿ ಇರೋದು ನನಗೇ ಹೊಸದು, ಮೂರೂ ಜನ ಸೇರಿ ಕಲಿಯೋಣ."

ಒಣ ಕೂದಲನ್ನು ಅವಳು ಎಳೆಯಲಿಲ್ಲ. ಒಂದು ಸುರುಳಿಯನ್ನು ಬೆರಳ ಮೇಲೆ ಕೂರಿಸಿಕೊಂಡು, ಅದು ತಾನಾಗಿ ಎಲ್ಲಿ ಬಂದು ನಿಲ್ಲುತ್ತದೆ ಎಂದು ನೋಡಿದಳು. ಆಮೇಲೆ ತುದಿಯಷ್ಟೇ ಕತ್ತರಿಸಿದಳು. ನಾನು ಬೈದೆ, ನಾದಿನಿ ತಿದ್ದಿದಳು, ಅವಳು ಕೈಯಲ್ಲಿ ಹಿಡಿದು ತಿಳಿದುಕೊಂಡಳು. ನೋಡನೋಡುತ್ತ ನಮ್ಮ ಮಾತು ಅವಳಿಗೆ ಬೇಕಿಲ್ಲದ ಹಾಗಾಯಿತು. ಕೋಳಿಜುಟ್ಟು ತಗ್ಗಿತು. ಬಲಗಡೆ ಎಡಗಡೆಗೆ ಹತ್ತಿರ ಬಂತು. ನನ್ನ ನಾಲ್ಕು ಬೆರಳ ಕೂದಲು ಎರಡು ಬೆರಳಿಗೆ ಇಳಿಯಿತು. ನೆಲದ ಮೇಲೆ ಬಿದ್ದದ್ದನ್ನು ನೋಡಿದಾಗ ಹಿಂದಿನ ವರ್ಷದ ನೋವು ಬರಲಿಲ್ಲ. ಇದು ಉದುರಿದ್ದಲ್ಲ, ನಾನಾಗಿ ಕೊಟ್ಟದ್ದು.

ಸೋಮವಾರ ಬೆಳಗ್ಗೆ ಚಿಕ್ಕಪ್ಪ ಬಂದರು, ಹೇಳಿದ ಮಾತಿನ ಹಾಗೆ. ಅಂಗಡಿಯಲ್ಲಿ ಆಗಲೇ ಗಿರಾಕಿಗಳಿದ್ದರು. ಚಿಕ್ಕಪ್ಪನ ಕಣ್ಣು ಮೊದಲು ನನ್ನ ತಲೆಯ ಮೇಲೆ ಬಿತ್ತು, ಆಮೇಲೆ ಬೇಗ ಕೆಳಗಿಳಿಯಿತು.

"ಧಾರಾಳವಾಗಿ ನೋಡಿ ಯಜಮಾನ್ರೇ. ಯಾವ ಕಡೆ ಗಿಡ್ಡ, ಹೇಳಿ."

"ಎಡಗಡೆ... ಸ್ವಲ್ಪ," ಎಂದರು ಅವರು ಸಂಕೋಚದಿಂದ.

"ಹೌದು, ಎಡಗಡೆ ಗಿಡ್ಡ," ಎಂದೆ, ಬೀದಿಯ ಆ ಕಡೆಗೂ ಕೇಳಿಸುವ ಹಾಗೆ. ತಿರುಗಿ ತಿರುಗಿ ತೋರಿಸಿದೆ. "ನಮ್ಮ ಹುಡುಗಿ ಕೈಕೆಲಸ!"

ಈ ಮಾತು ಬಾಯಿಂದ ಬಂದಾಗ ನನಗೆ ಆ ಮದುವೆಮನೆ ಕಂಡಿತು, ಅತ್ತೆ ಕಂಡರು. ಅವರು ಅವತ್ತು ನನ್ನನ್ನು ನಾಚಿಸಲು ಹಾಗೆ ತಿರುಗಿರಲಿಲ್ಲ. ಹೆಮ್ಮೆಯಿಂದ ತಿರುಗಿದ್ದರು. ಇಷ್ಟು ವರ್ಷ ಬೇಕಾಯಿತು ನನಗೆ ಅದು ತಿಳಿಯಲು. ನಿಮ್ಮ ಹೊಟ್ಟೆ ತಣ್ಣಗಿರಲಿ ಅತ್ತೇ, ಎಲ್ಲಿದ್ದರೂ.

ಚಿಕ್ಕಪ್ಪ ಏಣಿಯನ್ನು ಹುಡುಕಿದರು. ಅವಳು ಕಿಟಕಿ ಪಕ್ಕದ ಕುರ್ಚಿಯ ಹಿಂದೆ ನಿಂತು, ಬಿಳಿ ಬಟ್ಟೆಯನ್ನು ಪಟಪಟನೆ ಕೊಡವುತ್ತಿದ್ದಳು.

"ಇದು ನನ್ನ ಕುರ್ಚಿ ಚಿಕ್ಕಪ್ಪ," ಎಂದಳು. "ಕೂತ್ಕೊಳ್ಳಿ."

ಅವರು ನನ್ನ ತಲೆ ನೋಡಿದರು. ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಅಲ್ಲಿ ಇದ್ದದ್ದೂ ಅಷ್ಟಕ್ಕಷ್ಟೇ, ಸುಳ್ಳೇಕೆ ಹೇಳಲಿ. ಆಮೇಲೆ ಚಪ್ಪಲಿ ಸರಿಮಾಡಿಕೊಂಡು ನಿಧಾನವಾಗಿ ಹೋಗಿ ಕುರ್ಚಿಯಲ್ಲಿ ಕೂತರು. ಅವಳು ಕುತ್ತಿಗೆಗೆ ಬಟ್ಟೆ ಕಟ್ಟಿದಳು.

"ಕನ್ನಡಿಗೆ ಟವೆಲ್ ಹಾಕ್ಬೇಕಂತೆ, ಹಾಕಲ್ವಾ?" ಎಂದು ಕೇಳಿದರು ಅವರು, ಕಣ್ಣು ಅರ್ಧ ಮುಚ್ಚಿಕೊಂಡು.

"ಅದು ಮೊದಲ್ನೇ ಸಲ ಮಾತ್ರ," ಎಂದಳು ಏಣಿ. "ಅದು ಆಗ್ಹೋಗಿದೆ. ನೀವು ನೋಡ್ತಾ ಇರಿ."